ತುಂಬಿದ ಕೆರೆಯಲ್ಲಿ ಮೆಟ್ಟುಗಾಲು ಹಕ್ಕಿ ಎಲ್ಲಿ ನಿಲ್ಲಬೇಕು?

ಕೋಲಾರ ಸೀಮೆಯಲ್ಲಿ ಕೆರೆ ಕೋಡಿ ಬಿತ್ತೆಂದರೆ ಹಬ್ಬ. ಏರಿಯ ಮೇಲೆ ಗಂಗಮ್ಮನ ಪೂಜೆ, ಬಾಗಿನ, ತೆಪ್ಪ, ಫ್ಲೆಕ್ಸು, ಶಾಸಕರ ಫೋಟೊ. ವರ್ಷಗಟ್ಟಲೆ ಕೆರೆಯಂಗಳದಲ್ಲಿ ಕ್ರಿಕೆಟ್ ಆಡಿದ ಹುಡುಗರು ಅದೇ ಜಾಗದಲ್ಲಿ ಈಜು ಕಲಿಯುವುದನ್ನು ಕಂಡರೆ ಯಾರಿಗಾದರೂ ಗಂಟಲು ಕಟ್ಟುತ್ತದೆ. ಇಂಥ ಹೊತ್ತಿನಲ್ಲಿ ‘ನೀರು ಸ್ವಲ್ಪ ಇಳಿಯಲಿ, ಆಮೇಲೆ ಬರ್ತೀವಿ’ ಎನ್ನುವವರು ಒಂದೋ ಮರಳು ದಂಧೆಯವರು, ಇಲ್ಲವೇ ಜೀವಶಾಸ್ತ್ರಜ್ಞರು.

ಈ ಎರಡನೆಯವರ ಹಿಂದೆ ಎರಡು ಚಳಿಗಾಲ ನಾನೂ ಸುತ್ತಿದ್ದೇನೆ. ಟೆಲಿಸ್ಕೋಪಿನ ಮುಕ್ಕಾಲಿ ಹೊರುವುದು, ಅವರು ಕೂಗಿ ಹೇಳಿದ ಲೆಕ್ಕ ಬರೆದುಕೊಳ್ಳುವುದು, ನರಸಾಪುರದ ಕಡೆ ಟೀ ಎಲ್ಲಿ ಚೆನ್ನಾಗಿರುತ್ತದೆಂದು ತೋರಿಸುವುದು, ಇಷ್ಟೇ ನನ್ನ ಪಾಲಿನ ವಿಜ್ಞಾನ. ಆದರೂ ಈ ಓಡಾಟದಲ್ಲಿ ಒಂದು ವಿಷಯ ತಲೆಯೊಳಗೆ ಕೂತುಬಿಟ್ಟಿತು. ಕೆರೆಗೆ ನೀರು ಬಂತೇ ಇಲ್ಲವೇ ಎಂಬ ಒಂದೇ ಪ್ರಶ್ನೆಯ ಸುತ್ತ ನಾವು ಜಗಳವಾಡುತ್ತಿದ್ದೇವೆ. ನೀರು ಎಷ್ಟು ದಿನ ಎಷ್ಟು ಎತ್ತರಕ್ಕೆ ನಿಲ್ಲುತ್ತದೆ, ಯಾವಾಗ ಇಳಿಯುತ್ತದೆ, ಇಳಿಯುತ್ತದೋ ಇಲ್ಲವೋ ಎಂದು ಕೇಳುವವರು ಬಹಳ ಕಡಿಮೆ. ಮೀನು, ಹಕ್ಕಿಗಳ ಬದುಕು ನಿಂತಿರುವುದು ಆ ಪ್ರಶ್ನೆಗಳ ಮೇಲೆ.

ಹಿನ್ನೆಲೆ ಗೊತ್ತಿಲ್ಲದವರಿಗೆ ಎರಡು ಮಾತು. ಕೋಲಾರ, ಚಿಕ್ಕಬಳ್ಳಾಪುರಗಳಿಗೆ ವರ್ಷವಿಡೀ ಹರಿಯುವ ನದಿಯಿಲ್ಲ. ನಂದಿ ಬೆಟ್ಟಗಳ ಸುತ್ತ ಹುಟ್ಟುವ ಉತ್ತರ ಪಿನಾಕಿನಿ, ದಕ್ಷಿಣ ಪಿನಾಕಿನಿ, ಪಾಲಾರ್, ಚಿತ್ರಾವತಿ, ಪಾಪಾಗ್ನಿ ನಮ್ಮಲ್ಲಿ ಹೆಸರಿಗೆ ನದಿ, ಕೆಲಸಕ್ಕೆ ಮಳೆಗಾಲದ ಹಳ್ಳ. ಹಳಬರು ಹಳ್ಳಕ್ಕೆ ಅಡ್ಡಲಾಗಿ ಏರಿ ಕಟ್ಟಿ, ಮೇಲಿನ ಕೆರೆಯ ಕೋಡಿ ಕೆಳಗಿನ ಕೆರೆಗೆ ಬೀಳುವಂತೆ ಸರಪಳಿ ಮಾಡಿದರು. ಆ ಸರಪಳಿ ಒಣಗಿ, ಕೊಳವೆಬಾವಿಗಳು ಸಾವಿರ ಅಡಿ ದಾಟಿದ ಮೇಲೆ ಬಂದದ್ದು ಕೋರಮಂಗಲ–ಚಲ್ಲಘಟ್ಟ ಕಣಿವೆ ಯೋಜನೆ, ಜನರ ಬಾಯಲ್ಲಿ ಕೆ.ಸಿ. ವ್ಯಾಲಿ. ಬೆಂಗಳೂರಿನ ಕೊಳಚೆಯನ್ನು ಎರಡು ಹಂತ ಶುದ್ಧ ಮಾಡಿ, ದಿನಕ್ಕೆ 44 ಕೋಟಿ ಲೀಟರಿನಂತೆ ಕೋಲಾರ ಜಿಲ್ಲೆ ಮತ್ತು ಚಿಂತಾಮಣಿ ಕಡೆಯ 126 ಕೆರೆಗಳಿಗೆ ಹರಿಸುವುದು ಅದರ ಗುರಿ. 2018ರ ಜೂನ್‌ನಲ್ಲಿ ನೀರು ಲಕ್ಷ್ಮೀಸಾಗರ ಕೆರೆಗೆ ಬಂತು. ಮರು ತಿಂಗಳೇ ನೊರೆ ಕಾಣಿಸಿತು. ಹೈಕೋರ್ಟು, ಸುಪ್ರೀಂ ಕೋರ್ಟು, ತಡೆಯಾಜ್ಞೆ, ತೆರವು ಎಲ್ಲ ಆಗಿ ನೀರು ಮತ್ತೆ ಹರಿಯಿತು. ಹೆಬ್ಬಾಳ–ನಾಗವಾರ ಕಣಿವೆಯಿಂದ ದಿನಕ್ಕೆ 21 ಕೋಟಿ ಲೀಟರ್ ಒದಗಿಸುವ ಇನ್ನೊಂದು ಯೋಜನೆ ಚಿಕ್ಕಬಳ್ಳಾಪುರದ ಕಂದವಾರ ಕೆರೆ ತುಂಬಿಸಿತು.

ಅಂತರ್ಜಲ ಏರಿದ್ದು ಸುಳ್ಳಲ್ಲ. ಬತ್ತಿದ್ದ ಬೋರುಗಳಲ್ಲಿ ನೀರು ಬಂದದ್ದನ್ನು ನಾನೇ ನೋಡಿದ್ದೇನೆ, ಭಾರತೀಯ ವಿಜ್ಞಾನ ಸಂಸ್ಥೆಯವರೂ ಅಳೆದು ಹೇಳಿದ್ದಾರೆ. ಮೂರನೇ ಹಂತದ ಶುದ್ಧೀಕರಣ ಬೇಕೆಂಬ ಹೋರಾಟಗಾರರ ಬೇಡಿಕೆಯೂ ಸುಳ್ಳಲ್ಲ. ಎರಡನೇ ಹಂತ ಕೊಳೆಯುವ ಪದಾರ್ಥವನ್ನು ಬಹುಮಟ್ಟಿಗೆ ತೆಗೆಯುತ್ತದೆ. ಸಾರಜನಕ, ರಂಜಕಗಳನ್ನು ಪೂರ್ತಿ ತೆಗೆಯುವುದಿಲ್ಲ. ಇವು ಹೊಲಕ್ಕೆ ಬಿದ್ದರೆ ಗೊಬ್ಬರ, ಕೆರೆಗೆ ಬಿದ್ದರೂ ಗೊಬ್ಬರವೇ. ಕೆರೆಯಲ್ಲಿ ಬೆಳೆಯುವುದು ಮಾತ್ರ ರಾಗಿಯಲ್ಲ, ಪಾಚಿ.

ಈ ಪಾಚಿಯ ಲೆಕ್ಕ ನನಗೆ ಅರ್ಥವಾದದ್ದು ಒಂದು ಜನವರಿಯ ಬೆಳಗಿನ ಜಾವ. ನಾವು ಕೆರೆ ಮುಟ್ಟಿದಾಗ ಇನ್ನೂ ಆರು ಆಗಿರಲಿಲ್ಲ, ಏರಿಯ ಮೇಲೆ ಮಂಜು. ತಂಡದ ಸಂಶೋಧಕಿ ಮೊಣಕಾಲುದ್ದ ನೀರಿಗಿಳಿದು ಆಮ್ಲಜನಕ ಅಳೆಯುವ ಮೀಟರಿನ ತಂತಿ ಬಿಟ್ಟರು. ಅಂಕಿ ಎರಡರ ಕೆಳಗೆ ಹೋಗಿ ನಿಂತಿತು. ನಮ್ಮ ಚಳಿಗಾಲದ ನೀರು, ಗಾಳಿಯೊಂದಿಗೆ ಹೊಂದಿಕೊಂಡಿದ್ದರೆ, ಲೀಟರಿಗೆ ಎಂಟು ಮಿಲಿಗ್ರಾಂ ಆಸುಪಾಸು ಆಮ್ಲಜನಕ ಹಿಡಿದಿರಬೇಕು. ಸುತ್ತ ನೋಡಿದರೆ ಸಣ್ಣ ಮೀನುಗಳೆಲ್ಲ ಮೇಲ್ಮೈಗೆ ಬಂದು ಬಾಯಿ ತೆರೆದು ಮುಚ್ಚುತ್ತಿದ್ದವು. ಮಳೆ ಹನಿ ಬಿದ್ದ ಹಾಗೆ ನೀರ ತುಂಬ ಉಂಗುರ. ‘ಮೀನು ಆಟ ಆಡ್ತಾ ಇದೆ’ ಎಂದೆ. ‘ಆಟ ಅಲ್ಲ ಸರ್, ಉಸಿರು ಸಿಗ್ತಾ ಇಲ್ಲ’ ಎಂದರು. ಅದೇ ಜಾಗದಲ್ಲಿ ಮಧ್ಯಾಹ್ನ ಮೂರಕ್ಕೆ ತಂತಿ ಬಿಟ್ಟಾಗ ಅಂಕಿ ಹತ್ತು ದಾಟಿತ್ತು.

ಹಗಲಲ್ಲಿ ಪಾಚಿ ಬಿಸಿಲು ಕುಡಿದು ಆಮ್ಲಜನಕ ಬಿಡುತ್ತದೆ. ರಾತ್ರಿಯಿಡೀ ಅದೂ ಉಸಿರಾಡಬೇಕಲ್ಲ, ತಾನು ಕೊಟ್ಟದ್ದನ್ನು ತಾನೇ ತಿಂದು ಮುಗಿಸುತ್ತದೆ. ಮಧ್ಯಾಹ್ನ ಇನ್ನೊಂದು ಕಾಟ: ಪಾಚಿ ಇಂಗಾಲದ ಡೈಆಕ್ಸೈಡನ್ನು ಹೀರಿಕೊಂಡು ನೀರಿನ ಕ್ಷಾರತೆ ಏರುತ್ತದೆ, ಆಗ ನೀರಿನಲ್ಲಿರುವ ಅಮೋನಿಯಂ ಮೀನಿನ ಕಿವಿರಿಗೆ ವಿಷವಾಗುವ ಅಮೋನಿಯ ರೂಪಕ್ಕೆ ತಿರುಗುತ್ತದೆ. ಹೀಗೆ ಬೆಳಗಿನ ಜಾವ ಉಸಿರುಕಟ್ಟು, ಮಧ್ಯಾಹ್ನ ವಿಷ. ನೀರಿನ ಮಾದರಿ ತೆಗೆಯುವ ಸರ್ಕಾರಿ ಜೀಪು ಕೆರೆಗೆ ಬರುವುದು ಸಾಮಾನ್ಯವಾಗಿ ಹನ್ನೊಂದರ ಸುಮಾರಿಗೆ, ತಿಂಡಿ ಮುಗಿಸಿಕೊಂಡು. ಆ ಹೊತ್ತಿನಲ್ಲಿ ಆಮ್ಲಜನಕದ ಅಂಕಿ ಬಹಳ ಸಭ್ಯವಾಗಿ ಕಾಣುತ್ತದೆ. ವರದಿಯಲ್ಲಿ ಸುಳ್ಳೇನೂ ಇರುವುದಿಲ್ಲ. ಮೀನು ಸತ್ತ ದಿನ ಮಾತ್ರ ‘ಯಾರೋ ವಿಷ ಹಾಕಿದಾರೆ’ ಎಂದು ಊರಲ್ಲಿ ಜಗಳ ಶುರುವಾಗುತ್ತದೆ.

ಇಂಥ ನೀರಿನಲ್ಲಿ ಯಾವ ಮೀನು ಗೆಲ್ಲುತ್ತದೆ? ಆ ದಿನ ಬೀಸುಬಲೆಗೆ ಬಿದ್ದದ್ದರಲ್ಲಿ ಅರ್ಧಕ್ಕಿಂತ ಹೆಚ್ಚು ಜಿಲೇಬಿ, ಅಂದರೆ ತಿಲಾಪಿಯ. ಸಂಶೋಧಕಿ ಅಂಗೈಯಗಲದ ಒಂದು ಹೆಣ್ಣು ಜಿಲೇಬಿಯನ್ನು ಬಕೆಟ್ಟಿನ ಮೇಲೆ ಹಿಡಿದು ಕೆಳದವಡೆಯನ್ನು ಬೆರಳಿನಿಂದ ಮೆಲ್ಲಗೆ ಒತ್ತಿದರು. ಬಾಯಿಂದ ಗಸಗಸೆಗಿಂತ ತುಸು ದೊಡ್ಡ ಮರಿಗಳು ಕಣ್ಣು ಮಾತ್ರ ಕಾಣುವ ಹಾಗೆ ಬಳಬಳನೆ ನೀರಿಗೆ ಉದುರಿದವು. ತಾಯಿ ಮೊಟ್ಟೆಯನ್ನೂ ಮರಿಯನ್ನೂ ಬಾಯಲ್ಲಿಟ್ಟುಕೊಂಡು ಕಾಯುತ್ತಾಳೆ, ಕಾಯುವಷ್ಟು ದಿನ ಸರಿಯಾಗಿ ಉಣ್ಣುವುದೂ ಇಲ್ಲ. ಆಫ್ರಿಕಾದ ಈ ಮೀನನ್ನು ಭಾರತಕ್ಕೆ ತಂದದ್ದು 1952ರಲ್ಲಿ, ಬಡವರಿಗೆ ಅಗ್ಗದ ಪೌಷ್ಟಿಕಾಂಶ ಸಿಗಲೆಂದು. ಸಿಕ್ಕಿತು ಕೂಡ. ಆದರೆ ಮೊಟ್ಟೆಯನ್ನು ಗಿಡಗಂಟೆಗಳ ನಡುವೆ ಚೆಲ್ಲಿ ಹೋಗುವ ನಮ್ಮ ಸಣ್ಣ ಗೆಂಡೆಗಳು ಇಂಥ ತಾಯ್ತನದ ಮುಂದೆ ಪೈಪೋಟಿ ಮಾಡುವುದು ಕಷ್ಟ.

ಗೆಲ್ಲುವ ಇನ್ನೊಂದು ಮೀನು ಆಫ್ರಿಕನ್ ಕ್ಯಾಟ್‌ಫಿಶ್. 2000ನೇ ಇಸವಿಯಲ್ಲೇ ಕೇಂದ್ರ ಸರ್ಕಾರ ಇದರ ಸಾಕಣೆಯನ್ನು ನಿಷೇಧಿಸಿದೆ. ಆದರೂ ಹೊಂಡಗಳಲ್ಲಿ ಕದ್ದು ಸಾಕುವುದು ನಿಂತಿಲ್ಲ. ಇದು ನೇರವಾಗಿ ಗಾಳಿ ಉಸಿರಾಡುತ್ತದೆ, ಸತ್ತದ್ದು ಬದುಕಿದ್ದು ಏನು ಸಿಕ್ಕರೂ ತಿನ್ನುತ್ತದೆ. 2021ರ ನವೆಂಬರಿನ ಮಳೆ ನೆನಪಿಸಿಕೊಳ್ಳಿ. ಕಂಡರಿಯದಷ್ಟು ಕೆರೆಗಳು ಒಟ್ಟಿಗೆ ಕೋಡಿ ಬಿದ್ದವು. ಆ ದಿನ ನಾವು ಸೆಲ್ಫಿ ತೆಗೆದುಕೊಂಡ ಕೋಡಿಯೇ ಹೊಂಡದಿಂದ ಹೊಂಡಕ್ಕೆ, ಕೆರೆಯಿಂದ ಕೆರೆಗೆ ಮೀನಿನ ಹೆದ್ದಾರಿ. ಹಳಬರ ಸರಪಳಿ ನೀರನ್ನು ಮಾತ್ರ ಹಂಚುವುದಿಲ್ಲ.

ಹಾಗೆ ನೋಡಿದರೆ ನಮ್ಮ ಊರ ಮೀನುಗಳೂ ಸಾಮಾನ್ಯದವಲ್ಲ. ಕೊರಮೀನು, ಚೇಳುಮೀನು, ಹಾವುಮೀನು, ಇವೂ ಗಾಳಿ ಕುಡಿದು ಬದುಕಬಲ್ಲವು, ಕೆರೆ ಬತ್ತಿದಾಗ ಕೆಸರಲ್ಲಿ ಹೂತು ಮುಂದಿನ ಮಳೆಗೆ ಕಾಯಬಲ್ಲವು. ಏರಿಯ ಮೇಲೆ ಸಿಕ್ಕ, ಹಿಂದೆ ಕೆರೆ ನೀರು ಹಂಚುತ್ತಿದ್ದ ಹಳೇ ನೀರಗಂಟಿ ತಾತ ಇದನ್ನು ನನಗಿಂತ ಚೆನ್ನಾಗಿ ಹೇಳಿದರು. ‘ಮೊದ್ಲು ಕೆರೆ ಬತ್ತಿದ್ಮೇಲೆ ಗೋಡು (ಹೂಳುಮಣ್ಣು) ಹೊಡೆಯೋಕೆ ಗುದ್ದಲಿ ಹಾಕಿದ್ರೆ ಒಳಗಿಂದ ಕೊರಮೀನು ಒದ್ದಾಡ್ಕೊಂಡು ಬರೋದಪ್ಪ. ಈಗ ಕೆರೆ ಬತ್ತೋದೂ ಇಲ್ಲ, ಕೊರಮೀನೂ ಇಲ್ಲ. ಬರೀ ಜಿಲೇಬಿ.’

ತಾತ ಹೇಳಿದ್ದು ಪರಿಸರ ವಿಜ್ಞಾನದ ಒಂದು ಅಧ್ಯಾಯ. ನಮ್ಮದು ಬತ್ತಿ ತುಂಬುವ ಕೆರೆಗಳ ನಾಡು. ಇಲ್ಲಿನ ಮೀನು, ಬಸವನಹುಳು, ಕಪ್ಪೆ, ಜೊಂಡು ಎಲ್ಲವೂ ಆ ತಾಳಕ್ಕೆ ಒಗ್ಗಿಕೊಂಡವು. ಬತ್ತುವುದು ಹೊರಗಿನಿಂದ ಬಂದ ಜಿಲೇಬಿಗೆ ಆಪತ್ತು, ಊರ ಮೀನಿಗೆ ಬೇಸಿಗೆ ರಜೆ. ಕೆರೆ ಸಂಪೂರ್ಣ ಬತ್ತಿದ ವರ್ಷ ಜಿಲೇಬಿಯ ಸಂತಾನ ಆ ಕೆರೆಯಲ್ಲಿ ಮುಗಿಯುತ್ತಿತ್ತು, ಮತ್ತೆ ಹೊಸದಾಗಿ ಶುರುವಾಗಬೇಕಿತ್ತು. ವರ್ಷದ ಅಷ್ಟೂ ದಿನ ನೀರು ಬರತೊಡಗಿದರೆ ಆ ಕಡಿವಾಣ ತಪ್ಪುತ್ತದೆ. ಹತ್ತಿಪ್ಪತ್ತು ವರ್ಷದ ಬರ ನಮ್ಮ ಮೀನುಗಳನ್ನೂ ಅನೇಕ ಕೆರೆಗಳಿಂದ ಒರೆಸಿಹಾಕಿತ್ತು, ನಿಜ. ಕೆಸರಲ್ಲಿ ಒಂದು ಬೇಸಿಗೆ ಕಾಯಬಹುದು, ಹತ್ತು ವರ್ಷ ಕಾಯಲಾಗದು. ಹಾಗಾಗಿ ನೀರು ಬಂದದ್ದೇ ತಪ್ಪು ಎನ್ನುವ ವಾದವನ್ನು ಈ ಜೀವಶಾಸ್ತ್ರಜ್ಞರು ಮಾಡುವುದಿಲ್ಲ. ಮಾಡಿದರೆ ಅವರನ್ನು ಊರೊಳಗೆ ಬಿಡುವುದೂ ಇಲ್ಲ.

ಇನ್ನು ಹಕ್ಕಿ. ತುಂಬಿದ ಕೆರೆಯಲ್ಲಿ ಹಕ್ಕಿ ಹೆಚ್ಚಬೇಕಲ್ಲವೇ? ಹೆಚ್ಚುತ್ತವೆ, ಕೆಲವು. ಮುಳುಗಿ ಮೀನು ಹಿಡಿಯುವ ನೀರುಕಾಗೆ, ಗುಳುಮುಳಕ. ಜೊಂಡಿನಲ್ಲಿ ಓಡಾಡುವ ನೇರಳೆ ಜಂಬುಕೋಳಿ. ಹಿಂಡು ಹಿಂಡಾಗಿ ತೇಲುವ ನಾಮದ ಕೋಳಿ. ಈಚಿನ ವರ್ಷಗಳಲ್ಲಿ ಹೆಜ್ಜಾರ್ಲೆಗಳೂ ಇಳಿಯುತ್ತವೆ, ಫೋಟೊಗ್ರಾಫರುಗಳು ಅವುಗಳ ಹಿಂದೆ ಇಳಿಯುತ್ತಾರೆ. ಆದರೆ ಪಟ್ಟಿಯನ್ನು ಇನ್ನೊಂದು ಕಡೆಯಿಂದ ಓದಬೇಕು. ಚಳಿಗಾಲಕ್ಕೆ ಮಧ್ಯ ಏಷ್ಯಾ, ಸೈಬೀರಿಯಾಗಳಿಂದ ಬರುವ ಉಲ್ಲಂಕಿ, ಗದ್ದೆಗೊರವಗಳಿಗೆ ಬೇಕಾದದ್ದು ಕೆಸರಿನ ಅಂಚು. ಪುಟ್ಟ ಉಲ್ಲಂಕಿಯ ಕಾಲು ಎರಡು ಮೂರು ಸೆಂಟಿಮೀಟರ್ ನೀರಿಗೆ ಸಾಕಾಗುತ್ತದೆ, ಅಷ್ಟೇ. ಕಡ್ಡಿಯಂಥ ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿಗೆ ಗೇಣುದ್ದ. ಬಣ್ಣದ ಕೊಕ್ಕರೆ ಕಣ್ಣಿನಿಂದ ಬೇಟೆಯಾಡುವುದಿಲ್ಲ, ಅರೆತೆರೆದ ಕೊಕ್ಕನ್ನು ನೀರಿನಲ್ಲಿ ಆಚೀಚೆ ಬೀಸುತ್ತ ನಡೆಯುತ್ತದೆ. ಮೀನು ತಾಗಿದ ಕ್ಷಣ ಕೊಕ್ಕು ಕಣ್ರೆಪ್ಪೆ ಬಡಿಯುವ ಮೊದಲೇ ಮುಚ್ಚುತ್ತದೆ. ಎದೆಮಟ್ಟದ ನೀರಿನಲ್ಲಿ ಈ ವಿದ್ಯೆ ನಡೆಯದು. ನೀರು ಇಳಿದು, ಮೀನುಗಳೆಲ್ಲ ಗುಂಡಿಗಳಲ್ಲಿ ಕಿಕ್ಕಿರಿದಾಗ ಅದಕ್ಕೆ ಸುಗ್ಗಿ.

ನಮ್ಮ ಕೆರೆಗಳು ತಟ್ಟೆಯ ಹಾಗೆ, ಏರಿಯ ಕಡೆ ಆಳ, ಒಳಹರಿವಿನ ಕಡೆ ಬಲು ಚಪ್ಪಟೆ. ನೀರು ಒಂದು ಅಡಿ ಇಳಿದರೆ ಆ ಕಡೆ ಎಕರೆಗಟ್ಟಲೆ ಕೆಸರು ತೆರೆದುಕೊಳ್ಳುತ್ತದೆ. ಡಿಸೆಂಬರಿನಿಂದ ಮಾರ್ಚ್‌ವರೆಗೆ ತೂಬಿನಿಂದ ಗದ್ದೆಗೆ ನೀರು ಬಿಡುತ್ತಿದ್ದ ಕಾಲದಲ್ಲಿ ಈ ಅಂಚು ದಿನಾ ಸ್ವಲ್ಪ ಸ್ವಲ್ಪ ಹಿಂದೆ ಸರಿಯುತ್ತ, ವಲಸೆ ಹಕ್ಕಿಗೆ ದಿನಾ ಹೊಸ ಊಟದ ಎಲೆ ಹಾಸುತ್ತಿತ್ತು. ಈಗ ಕೆ.ಸಿ. ವ್ಯಾಲಿಯ ನೀರನ್ನು ನೇರ ನೀರಾವರಿಗೆ ಬಿಡುವಂತಿಲ್ಲ, ಅದು ಇಂಗಲು ಮಾತ್ರ. ತೂಬು ಮುಚ್ಚಿದೆ, ಮೇಲಿನಿಂದ ಬರುತ್ತಲೇ ಇದೆ, ಮಟ್ಟ ಅಲುಗದು. ಅದರ ಮೇಲೆ ‘ಕೆರೆ ಅಭಿವೃದ್ಧಿ’ ಬಂದರೆ ಮುಗಿಯಿತು: ಜೆಸಿಬಿಯಿಂದ ಅಂಗಳವನ್ನು ಬಾಣಲೆಯಂತೆ ತೋಡಿ, ಸುತ್ತ ಕಲ್ಲು ಕಟ್ಟಿ, ವಾಕಿಂಗ್ ಪಾತ್ ಹಾಕುತ್ತಾರೆ. ಸೋಪಿನ ಪೆಟ್ಟಿಗೆಯಂತಿರುವ ಅಂಥ ಕೆರೆಯಲ್ಲಿ ಅಂಚು ಎಂಬುದೇ ಇರುವುದಿಲ್ಲ. ಒಂದೊಂದು ಕೆರೆಯಲ್ಲಿ ನೀರೇ ಕಾಣದ ಹಾಗೆ ಅಂತರಗಂಗೆ ಮುಚ್ಚಿರುತ್ತದೆ. (ಕೋಲಾರದವರಾದ ನಮಗೆ ಅಂತರಗಂಗೆ ಎಂದರೆ ಬೆಟ್ಟದಲ್ಲಿ ಕಲ್ಲುಬಸವನ ಬಾಯಿಂದ ಬೀಳುವ ತೀರ್ಥ. ಅದೇ ಹೆಸರನ್ನು ಈ ಕಳೆಗೆ ಕರೆಯುವಾಗ ಇವತ್ತಿಗೂ ನಾಲಿಗೆ ತಡೆಯುತ್ತದೆ.)

ಅಭಿವೃದ್ಧಿಯಲ್ಲಿ ಮೊದಲು ಹೋಗುವುದು ಜಾಲಿ ಮರ. ಕೆರೆಯಂಗಳದಲ್ಲಿ ಬೆಳೆದ ಜಾಲಿ, ನೀರು ತುಂಬಿದ ಮೇಲೆ ನಡುನೀರಿನ ದ್ವೀಪವಾಗುತ್ತದೆ. ನಾಯಿ, ಬೆಕ್ಕು, ಮನುಷ್ಯ ಮುಟ್ಟಲಾರದ ಆ ಮುಳ್ಳಿನ ಮೇಲೆ ಬೆಳ್ಳಕ್ಕಿ, ನೀರುಕಾಗೆ, ಬಕಗಳು ಗೂಡು ಕಟ್ಟುತ್ತವೆ. ಎಂಜಿನಿಯರರ ಅಂದಾಜುಪಟ್ಟಿಯಲ್ಲಿ ಅದು ‘ಗಿಡಗಂಟಿ ತೆರವು’.

ಮರದ ಮಾತು ಬಂದಾಗ ತುಮಕೂರು ಜಿಲ್ಲೆಯ ಕಗ್ಗಲಡು ಬಿಟ್ಟು ಮುಂದೆ ಹೋಗಲಾಗದು. ಶಿರಾ ತಾಲೂಕಿನ ಈ ಹಳ್ಳಿಯಲ್ಲಿ ಬಣ್ಣದ ಕೊಕ್ಕರೆ, ಬೂದು ಬಕಗಳು ಗೂಡು ಕಟ್ಟುವುದು ಕೆರೆಯಲ್ಲಲ್ಲ, ಮನೆಗಳ ನಡುವಿನ ಹುಣಸೆ ಮರಗಳ ಮೇಲೆ. 1999ರಲ್ಲಿ ತುಮಕೂರಿನ ವೈಲ್ಡ್‌ಲೈಫ್ ಅವೇರ್ ನೇಚರ್ ಕ್ಲಬ್‌ನವರು ಇದನ್ನು ಹೊರಗಿನವರಿಗೆ ತಿಳಿಸಿದರು. ಹಳ್ಳಿಯವರಿಗೆ ಅದಕ್ಕೂ ಮೊದಲೇ ಗೊತ್ತಿತ್ತು, ಹೇಳುವ ಅಗತ್ಯ ಬಿದ್ದಿರಲಿಲ್ಲ ಅಷ್ಟೆ. ಹಿಕ್ಕೆಯ ವಾಸನೆ, ಗೂಡಿನಿಂದ ಜಾರಿಬಿದ್ದ ಮೀನು, ಕೈಬಿಟ್ಟ ಹುಣಸೆ ಫಸಲು, ಎಲ್ಲ ಸಹಿಸಿಕೊಂಡು ಊರವರು ಮರ ಉಳಿಸಿದ್ದಾರೆ. ಆದರೆ ಮರ ಉಳಿದರೆ ಸಾಲದು. ಕೊಕ್ಕರೆ ಮರಿಗೆ ಮೀನು ತರುವುದು ಸುತ್ತಲ ಹತ್ತಾರು ಕೆರೆಗಳಿಂದ. ಆ ಕೆರೆಗಳಲ್ಲಿ ಒಂದೊಂದು ಒಂದೊಂದು ಮಟ್ಟದಲ್ಲಿದ್ದರೆ, ಒಂದು ತುಂಬಿ, ಒಂದು ಅರ್ಧ, ಒಂದು ಬತ್ತುತ್ತ, ಅದಕ್ಕೆ ಎಲ್ಲಾದರೊಂದು ಕಡೆ ಊಟ ಸಿಕ್ಕೇ ಸಿಗುತ್ತದೆ. ಹೀಗಾಗಿ ಕಗ್ಗಲಡುವಿನ ಗೂಡುಗಳನ್ನು ಎಣಿಸುವವರು ನಿಜದಲ್ಲಿ ಎಣಿಸುತ್ತಿರುವುದು ಇಡೀ ಸೀಮೆಯ ಕೆರೆಗಳ ಆರೋಗ್ಯವನ್ನು. ಎತ್ತಿನಹೊಳೆ, ವೃಷಭಾವತಿ ಎಂದು ತುಮಕೂರಿನ ಕೆರೆಗಳಿಗೂ ಪೈಪಿನ ಮಾತು ನಡೆದಿರುವಾಗ ಈ ಲೆಕ್ಕಕ್ಕೆ ಬೆಲೆ ಹೆಚ್ಚು.

ಕಾನೂನು ಇದೆಯಲ್ಲ ಎನ್ನುತ್ತೀರಿ. 2017ರ ಜೌಗುಭೂಮಿ ನಿಯಮಗಳನ್ನು ತೆರೆದರೆ, ಕುಡಿಯುವ ನೀರಿಗೆ, ನೀರಾವರಿಗೆ, ಮೀನು ಸಾಕಣೆಗೆ ಮನುಷ್ಯ ಕಟ್ಟಿದ ಜಲಕಾಯಗಳು ‘ಜೌಗುಭೂಮಿ’ ಅಲ್ಲವೆಂದು ಅರ್ಥವಿವರಣೆಯಲ್ಲೇ ಬರೆದಿದೆ. ನಮ್ಮ ಮೂರು ಜಿಲ್ಲೆಗಳಲ್ಲಿ ಮನುಷ್ಯ ಕಟ್ಟದ ಕೆರೆ ಯಾವುದಿದೆ? ಶತಮಾನಗಳಿಂದ ಹಕ್ಕಿ ಬರುತ್ತಿರುವ ಕೆರೆಯೂ ಕಾಗದದಲ್ಲಿ ಒಂದು ನೀರಿನ ಟ್ಯಾಂಕು. ಕರ್ನಾಟಕದ ನಾಲ್ಕು ರಾಮ್ಸರ್ ತಾಣಗಳಾದ, ಅಂದರೆ ಅಂತರರಾಷ್ಟ್ರೀಯ ಮಾನ್ಯತೆ ಪಡೆದ ಜೌಗುಭೂಮಿಗಳಾದ ರಂಗನತಿಟ್ಟು, ಮಾಗಡಿ ಕೆರೆ, ಅಂಕಸಮುದ್ರ, ಅಘನಾಶಿನಿ ಅಳಿವೆಗಳಲ್ಲಿ ಒಂದೂ ಈ ಕಡೆಯದಲ್ಲ. (ಮಾಗಡಿ ಎಂದ ಕೂಡಲೇ ಖುಷಿಪಡಬೇಡಿ, ಅದು ಗದಗ ಜಿಲ್ಲೆಯದು.) ಆಮೇಲೆ ಕೆರೆಯ ಯಜಮಾನರು ಎಷ್ಟು ಮಂದಿ! ನೀರು ಸಣ್ಣ ನೀರಾವರಿಯವರದು, ಮೀನು ಟೆಂಡರ್ ಹಿಡಿದವರದು, ಜಾಲಿ ಅರಣ್ಯ ಇಲಾಖೆಯದು, ಗೋಡು ಪಂಚಾಯಿತಿಯದು. ಹಕ್ಕಿಯನ್ನು ಕೇಳುವವರು ಮೀನು ಗುತ್ತಿಗೆದಾರರು ಮಾತ್ರ, ಅದೂ ಪಟಾಕಿ ಹಿಡಿದು. ಅವರನ್ನೇ ಬೈದು ಪ್ರಯೋಜನವಿಲ್ಲ. ಸಾಲ ಮಾಡಿ ಕಾಟ್ಲಾ, ರೋಹು ಮರಿ ಬಿಟ್ಟವರಿಗೆ ಇನ್ನೂರು ನೀರುಕಾಗೆ ಇಳಿದರೆ ಹೊಟ್ಟೆ ಉರಿಯದೇ ಇರುತ್ತದೆಯೇ?

ಅಸಲಿ ಕೊರತೆ ಇರುವುದು ಹಳೆಯ ಲೆಕ್ಕದಲ್ಲಿ. ಪಕ್ಷಿತಜ್ಞ ಸಲೀಂ ಅಲಿ 1939–40ರಲ್ಲಿ ಮೈಸೂರು ಸಂಸ್ಥಾನದ ಹಕ್ಕಿಗಳ ಸಮೀಕ್ಷೆ ಮಾಡಿದರು. 1987ರಿಂದ ಪ್ರತಿ ಜನವರಿ ಏಷ್ಯಾದುದ್ದಕ್ಕೂ ನೀರುಹಕ್ಕಿ ಗಣತಿ ನಡೆಯುತ್ತಿದೆ. ಈಗ ಕಂಡ ಹಕ್ಕಿಗಳನ್ನು ದಾಖಲಿಸುವ ಇ-ಬರ್ಡ್ ಜಾಲತಾಣದಲ್ಲಿ ಹವ್ಯಾಸಿಗಳು ಹಾಕುವ ಪಟ್ಟಿಗಳಿವೆ. ಒಳ್ಳೆಯದೇ. ಆದರೆ ಆ ಪಟ್ಟಿಗಳು ಹೆಚ್ಚಾಗಿ ಭಾನುವಾರದವು, ಡಾಂಬರು ರಸ್ತೆಯ ಪಕ್ಕದ ಕೆರೆಯವು, ಬೆಂಗಳೂರಿನಿಂದ ಎರಡು ಗಂಟೆಯೊಳಗಿನವು. ಬೇತಮಂಗಲದಾಚೆ, ಬಾಗೇಪಲ್ಲಿ ಮೂಲೆಯ, ಪಾವಗಡ ಕಡೆಯ ಕೆರೆಗಳು ನಕ್ಷೆಯಲ್ಲಿ ಖಾಲಿ. ಮೀನಿನ ಕಥೆ ಇನ್ನೂ ಬಡವಾಗಿದೆ, ಮೀನು ನೋಡಲು ಬಲೆ ಬೇಕು, ಪರವಾನಗಿ ಬೇಕು, ಫೋಟೊ ಚೆನ್ನಾಗಿ ಬರುವುದಿಲ್ಲ. ಬದಲಾವಣೆ ಆಗಿದೆಯೆಂದು ಹೇಳಲು ಮೊದಲು ಏನಿತ್ತೆಂದು ಗೊತ್ತಿರಬೇಕು. ಕೆ.ಸಿ. ವ್ಯಾಲಿಯ ಚರ್ಚೆಯೆಲ್ಲ ಭಾರಲೋಹ, ನೊರೆ, ಅಂತರ್ಜಲದ ಸುತ್ತ ನಡೆಯಿತು. ಮೀನಿನ ಹೆಸರು ಬಂದದ್ದು ಅದು ಸತ್ತಾಗ ಮಾತ್ರ.

ಕೆಲಸ ಆಗಬೇಕಾದದ್ದು ದೊಡ್ಡದೇನಲ್ಲ. ನೀರಿನ ಮಾದರಿಯನ್ನು ತಿಂಗಳಿಗೊಮ್ಮೆಯಾದರೂ ಸೂರ್ಯ ಹುಟ್ಟುವ ಮುಂಚೆ ತೆಗೆಯಲಿ. ಹೂಳೆತ್ತುವಾಗ ಒಳಹರಿವಿನ ಕಡೆಯ ಇಳಿಜಾರನ್ನು ಮುಟ್ಟದೆ ಬಿಡಲಿ, ನಡುವಿನ ನಾಲ್ಕು ಜಾಲಿ ಉಳಿಯಲಿ. ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು ಇನ್ನೊಂದು: ನೀರು ಪೈಪಿನಲ್ಲಿ ಬರುತ್ತಿದೆ, ಅಂದಮೇಲೆ ಅದನ್ನು ತಿರುಗಿಸಲೂಬಹುದು. ಸರಪಳಿಯ ಎಲ್ಲ ಕೆರೆಯನ್ನೂ ಎಲ್ಲ ವರ್ಷವೂ ಕಂಠಪೂರ್ತಿ ತುಂಬಿಸುವ ಬದಲು, ಸರದಿಯಂತೆ ಕೆಲವನ್ನು ಚಳಿಗಾಲದಲ್ಲಿ ಇಳಿಯಲು ಬಿಡುವುದು.

ಈ ಕೊನೆಯ ಮಾತನ್ನು ಏರಿಯ ಮೇಲೆ ಕುಳಿತು ಸಂಶೋಧಕಿ ವಿವರಿಸುತ್ತಿದ್ದಾಗ ಟೊಮೆಟೊ ಬೆಳೆಯುವ ಒಬ್ಬರು ಕೇಳುತ್ತ ನಿಂತಿದ್ದರು. ಎಲ್ಲ ಮುಗಿದ ಮೇಲೆ ಕೇಳಿದರು, ‘ಅಲ್ಲಮ್ಮಾ, ನಿಮ್ಮ ಕೊಕ್ಕರೆ ಊಟ ಮಾಡ್ಲಿ ಅಂತ ನಮ್ಮ ಬೋರು ಒಣಗಬೇಕಾ?’ ಕುಹಕವಿರಲಿಲ್ಲ, ನಿಜವಾದ ಪ್ರಶ್ನೆ. ಒಂದು ಕೆರೆ ಎರಡು ತಿಂಗಳು ಮೂರು ಅಡಿ ಇಳಿದರೆ ಸುತ್ತಲಿನ ಬೋರುಗಳಲ್ಲಿ ಎಷ್ಟು ಇಳಿಯುತ್ತದೆ, ಪಕ್ಕದ ಕೆರೆ ತುಂಬಿದ್ದರೆ ಅದು ಎಷ್ಟು ಸರಿದೂಗುತ್ತದೆ, ಇದನ್ನು ಅಳೆಯಬಹುದು. ಅಳೆಯಲು ಒಂದು ಕೆರೆ, ಒಪ್ಪುವ ಹತ್ತು ರೈತರು, ಎರಡು ವರ್ಷ ಬೇಕು. ಸಂಶೋಧಕಿ ಹಾಗೆಯೇ ಹೇಳಿದರು. ‘ಅಣ್ಣಾ, ಒಣಗುತ್ತೋ ಇಲ್ಲವೋ ನನಗೂ ಗೊತ್ತಿಲ್ಲ. ನಿಮ್ಮ ಬೋರಲ್ಲಿ ತಿಂಗಳಿಗೊಂದು ಸಲ ಟೇಪು ಬಿಟ್ಟು ನೋಡ್ಲಾ?’

ಅವರು ಸ್ವಲ್ಪ ಹೊತ್ತು ಕೆರೆ ಕಡೆ ನೋಡಿದರು. ‘ಬೆಳಿಗ್ಗೆ ಆರಕ್ಕೆ ಮುಂಚೆ ಬನ್ನಿ, ಆಮೇಲೆ ಕರೆಂಟ್ ಬರುತ್ತೆ, ಮೋಟಾರ್ ಹಾಕ್ಬಿಡ್ತೀನಿ’ ಎಂದರು.